ರೋಮಿನಲ್ಲಿ ಒಬ್ಬರೇ, ಒಂದು ದಿನ: ಕಾಸರಗೋಡಿನವರಿಗೆ ಸಾಲು ತಪ್ಪಿಸುವ ದಾರಿ

ನಮ್ಮಲ್ಲಿ ಯುರೋಪಿಗೆ ಹೋಗುವವರ ದಾರಿ ಹೆಚ್ಚಾಗಿ ಗಲ್ಫಿನ ಮೇಲೆಯೇ. ದುಬಾಯಿ, ದೋಹಾದಲ್ಲಿ ಕೆಲಸಕ್ಕಿರುವವರು ಯುರೋಪಿನ ಹಲವು ದೇಶಗಳಿಗೆ ಒಂದೇ ಆದ ಷೆಂಗೆನ್ ವೀಸಾಕ್ಕೆ ಅಲ್ಲಿಂದಲೇ ಅರ್ಜಿ ಹಾಕಬಹುದು, ಊರಿಗೆ ಬರಬೇಕಿಲ್ಲ. ಎಲ್ಲಿಂದ ಹಾಕಿದರೂ ಕನಿಷ್ಠ 30,000 ಯೂರೊ ಮೊತ್ತದ ಪ್ರವಾಸ ವಿಮೆ ಬೇಕು. ರೋಮಿಗೆ ಒಂದೇ ದಿನ ಇದೆಯೆಂದಾದರೆ ವ್ಯಾಟಿಕನ್ ಮ್ಯೂಸಿಯಂ ಕೈಬಿಡಿ. ಅರ್ಧ ದಿನ ಅಲ್ಲೇ ಮುಗಿದುಹೋಗುತ್ತದೆ.

ರೋಮನ್ನರ ಹಳೆಯ ಕ್ರೀಡಾಂಗಣ ಕೊಲೋಸಿಯಂನ ಟಿಕೆಟ್ ಅಧಿಕೃತ ಸೈಟಿನಲ್ಲಿ 30 ದಿನ ಮೊದಲು ತೆರೆಯುತ್ತದೆ. ಬೆಳಗ್ಗಿನ ಮೊದಲ ಸಮಯವನ್ನೇ ಹಿಡಿಯಿರಿ. ನಾಲ್ಕು ಟಿಕೆಟ್ ಒಟ್ಟಿಗೆ ಸಿಗದ ದಿನವೂ ಒಂದು ಸಿಕ್ಕೀತು. ಒಬ್ಬರೇ ಹೋಗುವುದರ ಲಾಭ ಅದು. ಎಡವುವುದು ಹೆಸರಿನಲ್ಲಿ. ಟಿಕೆಟಿನ ಹೆಸರೂ ಪಾಸ್‌ಪೋರ್ಟಿನ ಹೆಸರೂ ಒಂದೇ ಇರಬೇಕು. ಮನೆತನದ ಹೆಸರನ್ನು ಇನಿಶಿಯಲ್ ಮಾಡಿ ಬರೆಯುವ ಅಭ್ಯಾಸ ನಮ್ಮದು. ಪಾಸ್‌ಪೋರ್ಟಿನಲ್ಲಿ ಅದನ್ನು ಬಿಡಿಸಿ ಬರೆದಿದ್ದರೆ ಟಿಕೆಟಿನಲ್ಲೂ ಬಿಡಿಸಿಯೇ ಬರೆಯಿರಿ. ದೊಡ್ಡ ಬ್ಯಾಗ್, ಗಾಜಿನ ಬಾಟಲಿ ಒಳಗೆ ಬಿಡುವುದಿಲ್ಲ, ಇಟ್ಟುಹೋಗಲು ಜಾಗವೂ ಇಲ್ಲ.

ರೋಮಿನ ಮುಖ್ಯ ರೈಲು ನಿಲ್ದಾಣ ಟೆರ್ಮಿನಿಯಿಂದ ಮೆಟ್ರೊ ಬಿ ಲೈನಿನಲ್ಲಿ ಎರಡನೇ ಸ್ಟಾಪ್ ಕೊಲೊಸ್ಸೆಯೊ, ಅಂದರೆ ಕೊಲೋಸಿಯಂ. ಹೊರಗೆ ರೋಮನ್ ಸೈನಿಕನ ವೇಷದವರ ಜತೆ ಫೋಟೊ ತೆಗೆಸಿಕೊಂಡರೆ ದುಡ್ಡು ಕೇಳುತ್ತಾರೆ. ಕೈಗೆ ದಾರ ಕಟ್ಟಲು ಬಂದವರತ್ತ ಕೈ ಚಾಚಬೇಡಿ, ಅದೂ ದುಡ್ಡಿಗೇ. ಕೊಲೋಸಿಯಂ ಟಿಕೆಟಿನಲ್ಲೇ ಹಳೆಯ ರೋಮಿನ ಅವಶೇಷಗಳಿರುವ ಫೋರಮ್ ಕೂಡ ನೋಡಬಹುದು. ಅಲ್ಲಿ ನೆರಳು ಕಡಿಮೆ. ಜುಲೈಯ ಸೆಕೆಗೆ ಮಧ್ಯಾಹ್ನದ ಮೊದಲು ಮುಗಿಸುವುದೇ ಸರಿ. ನೀರು ಕೊಳ್ಳಬೇಡಿ. ಬೀದಿಬದಿಯಲ್ಲಿ ಬೀಡುಕಬ್ಬಿಣದ ಗಿಡ್ಡ ಕಂಬಗಳಿಂದ ಸದಾ ಕುಡಿಯುವ ನೀರು ಸುರಿಯುತ್ತಿರುತ್ತದೆ, ಅವಕ್ಕೆ ನಸೋನೆ ಎನ್ನುತ್ತಾರೆ. ಬಾಗಿದ ಕೊಳವೆಯ ಬಾಯಿಯನ್ನು ಬೆರಳಿನಿಂದ ಒತ್ತಿ ಹಿಡಿದರೆ ಮೇಲಿನ ಸಣ್ಣ ತೂತಿನಿಂದ ನೀರು ಚಿಮ್ಮಿ ನೇರ ಬಾಯಿಗೇ ಸಿಗುತ್ತದೆ.

ಅಲ್ಲಿಂದ ರೋಮನ್ನರ ಹಳೆಯ ದೇವಾಲಯ ಪ್ಯಾಂಥಿಯನ್‌ಗೆ ಅರ್ಧ ಗಂಟೆಯ ನಡಿಗೆ. 2023ರ ಜುಲೈಯಿಂದ ಪ್ರವೇಶಕ್ಕೆ ಶುಲ್ಕವಿದೆ. ಕಬ್ಬಿಣದ ಸರಳಿಲ್ಲದ ಕಾಂಕ್ರೀಟ್ ಗುಮ್ಮಟ, ಅಗಲವೂ ನೆಲದಿಂದ ಎತ್ತರವೂ ಸುಮಾರು 43 ಮೀಟರ್. ನೆತ್ತಿಯಲ್ಲಿ ತೆರೆದ ಕಿಂಡಿ. ಮಳೆ ಬಂದರೆ ನೀರು ಒಳಗೇ ಬೀಳುತ್ತದೆ. ಕಿಂಡಿಯ ನೇರ ಕೆಳಗೆ ನೆಲದ ಕಲ್ಲಿನಲ್ಲಿ ಪುಟ್ಟ ತೂತುಗಳನ್ನು ಹುಡುಕಿ, ನೀರು ಹೋಗುವುದು ಅವುಗಳಲ್ಲೇ.

ಊಟಕ್ಕೆ ತೂಕದ ಮೇಲೆ ಕತ್ತರಿಸಿ ಕೊಡುವ ಪಿಜ್ಜಾ ಸಾಕು. ಕಾರ್ಬೊನಾರ, ಅಮತ್ರಿಚಾನ ಎಂಬ ಪಾಸ್ತಾ ಎರಡರಲ್ಲೂ ಹಂದಿಯ ಕೆನ್ನೆಯ ಮಾಂಸವಿರುತ್ತದೆ. ಅದು ಬೇಡವಾದರೆ ಕಾಚೊ ಎ ಪೇಪೆ ಇದೆ, ಚೀಸು, ಕರಿಮೆಣಸಿನ ಪಾಸ್ತಾ. ಕಾಫಿ ನಿಂತು ಕುಡಿದರೆ ಅಗ್ಗ, ಕೂತರೆ ದುಬಾರಿ.

ವ್ಯಾಟಿಕನ್ನಿನ ದೊಡ್ಡ ಇಗರ್ಜಿ, ಸಂತ ಪೀಟರನ ಬಸಿಲಿಕಕ್ಕೆ ಸಂಜೆಯ ಹೊತ್ತಿಗೆ ಹೋಗಿ. ಪ್ರವೇಶ ಉಚಿತ, ಸಾಲು ಇರುವುದು ತಪಾಸಣೆಗೆ. ಬುಧವಾರ ಬೆಳಗ್ಗೆ ಪೋಪರ ದರ್ಶನದ ಗದ್ದಲ. ಅಂಗಿ ಕಳಚಿ ದೇವಸ್ಥಾನದೊಳಗೆ ಹೋಗುವ ನಮಗೆ ಅಲ್ಲಿಯದು ತಿರುಗಮುರುಗ: ಹೆಗಲು, ಮೊಣಕಾಲು ಮುಚ್ಚಿರಲೇಬೇಕು. ತೆಳು ಶಾಲೊಂದು ಬ್ಯಾಗಿನಲ್ಲಿರಲಿ.

ಟೆರ್ಮಿನಿ ಕಡೆಯ 64ನೇ ಬಸ್ಸು ಕಿಸೆಗಳ್ಳರಿಗೆ ಹೆಸರಾದದ್ದು. ಬ್ಯಾಗ್ ನೋಡಿಕೊಳ್ಳಲು ಜತೆಗಾರರಿಲ್ಲವಲ್ಲ, ಪಾಸ್‌ಪೋರ್ಟ್ ಒಳಕಿಸೆಯಲ್ಲಿಡಿ, ಬ್ಯಾಗ್ ಎದೆಯ ಮೇಲಿರಲಿ. ಟ್ರೆವಿ ಕಾರಂಜಿಯನ್ನು ರಾತ್ರಿ ಹತ್ತರ ಮೇಲೆ ನೋಡಿದರೆ ನೂಕುನುಗ್ಗಲು ಕಡಿಮೆ. ಅಲ್ಲಿಂದ ಹತ್ತಿರದ ಮೆಟ್ರೊ ಬರ್ಬೆರಿನಿ. ಎ ಲೈನಿನಲ್ಲಿ ಎರಡನೇ ಸ್ಟಾಪ್ ಟೆರ್ಮಿನಿ.