ಗ್ಲೋಬಲ್ ಹೆಲ್ತ್ ಡಿಗ್ರಿ ಕೋರ್ಸ್ ಕಟ್ಟುವುದು ಹೇಗೆ?

ಪುಣೆ, ಮುಂಬೈ ಕಾಲೇಜುಗಳಲ್ಲಿ ಸಿಲೆಬಸ್ ಕಮಿಟಿಯಲ್ಲಿ ಕೂರುವ ಕನ್ನಡದ ಮೇಷ್ಟ್ರು, ಮೇಡಂಗಳೇ, ಗ್ಲೋಬಲ್ ಹೆಲ್ತ್, ಅಂದರೆ ಹಲವು ವಿಭಾಗಗಳು ಸೇರಿ ಜನರ ಆರೋಗ್ಯದ ಬಗ್ಗೆ ಕಲಿಸುವ ಕೋರ್ಸ್, ನಿಮ್ಮ ತಲೆಯಲ್ಲಿದ್ದರೆ ಮೊದಲು ಒಂದು ಕಾಯಿಲೆಯನ್ನು ಆರಿಸಿಕೊಳ್ಳಿ. ಯಾವ ವಿಭಾಗಕ್ಕೆ ಎಷ್ಟು ಪೇಪರ್ ಅಂತ ಹಂಚಿಕೆ ಶುರುವಾದರೆ ಕೋರ್ಸ್ ಅಲ್ಲೇ ಕೆಟ್ಟಿತು.

ಮಂಗನ ಕಾಯಿಲೆಯನ್ನೇ ನೋಡಿ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತವು, ಸುತ್ತಲಿನ ಜನರಿಗೂ ಜ್ವರ ಬಂತು. ವೈರಸ್ ಪತ್ತೆ ಮಾಡಿದವರು ನಿಮ್ಮ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು, ಅದೇ ಈಗಿನ ರಾಷ್ಟ್ರೀಯ ವೈರಾಣು ಸಂಸ್ಥೆ. ರೋಗ ಹರಡುವುದು ಉಣುಗಿನಿಂದ. ಹಾಗಾಗಿ ಡಾಕ್ಟರ್ ಒಬ್ಬರೇ ಸಾಲದು, ದನದ ಡಾಕ್ಟರು ಬೇಕು, ಕೀಟಗಳನ್ನು ಬಲ್ಲವರು ಬೇಕು, ಸೌದೆ-ಸೊಪ್ಪಿಗೆ ಕಾಡಿಗೆ ಹೋಗಲೇಬೇಕಾದವರ ಬದುಕು ಗೊತ್ತಿರುವ ಸಮಾಜಶಾಸ್ತ್ರದವರೂ ಬೇಕು. ಇವರೆಲ್ಲ ಒಂದೇ ಕ್ಲಾಸಿನಲ್ಲಿ ಒಟ್ಟಿಗೆ ಪಾಠ ಮಾಡಲಿ.

ಆಮೇಲೆ ಕ್ರೆಡಿಟ್. ಯುಜಿಸಿ ಪ್ರಕಾರ ಮೂರು ವರ್ಷಕ್ಕೆ ಕನಿಷ್ಠ 120, ನಾಲ್ಕು ವರ್ಷದ ಆನರ್ಸ್‌ಗೆ 160. ಸಂಖ್ಯಾಶಾಸ್ತ್ರವನ್ನು ಮೊದಲ ವರ್ಷವೇ ಎಲ್ಲರಿಗೂ ಕಡ್ಡಾಯ ಮಾಡಿ. ಆರ್ಟ್ಸ್ ಮಕ್ಕಳು ಹೆದರುತ್ತಾರೆ ಅಂತ ಬಿಡಬೇಡಿ, ನಿಧಾನವಾಗಿ ಹೇಳಿಕೊಟ್ಟರೆ ಕಲಿಯುತ್ತಾರೆ.

ಜಾಸ್ತಿ ಸಮಯ ಕೊಡಬೇಕಾದ್ದು ಫೀಲ್ಡ್ ಕೆಲಸಕ್ಕೆ. ಪುಣೆಯ ಕಟ್ಟಡ ಕೆಲಸದ ಜಾಗಗಳಲ್ಲಿ ಯಾದಗಿರಿ, ಕಲಬುರಗಿ ಕಡೆಯ ಜನ ಇದ್ದಾರಲ್ವಾ? ಅವರಲ್ಲಿ ಒಬ್ಬ ಅಕ್ಕನಿಗೆ ಟಿಬಿ ಅಂದುಕೊಳ್ಳಿ. ಸಾಮಾನ್ಯ ಟಿಬಿಗೆ ಆರು ತಿಂಗಳು ಮಾತ್ರೆ ತಪ್ಪಬಾರದು, ಆದರೆ ಸುಗ್ಗಿಗೋ ಜಾತ್ರೆಗೋ ಊರಿಗೆ ಹೋದರೆ ಚಿಕಿತ್ಸೆ ನಡುವೆ ನಿಲ್ಲುವ ಅಪಾಯ. ಹೊರಡುವ ಮೊದಲೇ ಟಿಬಿ ರೋಗಿಗಳ ವಿವರ ಇಡುವ ಸರ್ಕಾರದ ನಿಕ್ಷಯ್ ಪೋರ್ಟಲ್‌ನಲ್ಲಿ ಆಕೆಯ ಚಿಕಿತ್ಸೆಯನ್ನು ಊರಿನ ಕೇಂದ್ರಕ್ಕೆ ವರ್ಗಾಯಿಸಬೇಕು. ವಿದ್ಯಾರ್ಥಿ ಆಕೆಯ ಜೊತೆ ಕೂತು ಕೇಳಲಿ: ಯಾವತ್ತು ಹೊರಡ್ತೀರಿ ಅಕ್ಕಾ, ಊರಿಂದ ಆಸ್ಪತ್ರೆ ಎಷ್ಟು ದೂರ, ಮಾತ್ರೆ ತರಲು ಹೋದ ದಿನ ಕೂಲಿ ಹೋಗುತ್ತಾ? ಅರ್ಥಶಾಸ್ತ್ರ, ವಲಸೆ, ಸರ್ಕಾರಿ ವ್ಯವಸ್ಥೆ ಮೂರೂ ಅಲ್ಲೇ ಸಿಗುತ್ತವೆ. ಆದರೆ ಹೀಗೆ ಸುಮ್ನೆ ಹೋಗಿ ಕೇಳುವಂತಿಲ್ಲ. ಮೊದಲು ಸಂಶೋಧನೆಯಿಂದ ಜನರಿಗೆ ತೊಂದರೆಯಾಗದಂತೆ ನೋಡುವ ಎಥಿಕ್ಸ್ ಕಮಿಟಿಯ ಒಪ್ಪಿಗೆ ಪಡೆಯಿರಿ, ಆಮೇಲೆ ಆಕೆಗೆ ಅರ್ಥವಾಗುವ ಭಾಷೆಯಲ್ಲೇ ವಿವರಿಸಿ ಆಕೆಯ ಒಪ್ಪಿಗೆಯನ್ನೂ ಕೇಳಿ. ಮರಾಠಿಯೂ ಕಲಿಸಿ, ಆಶಾ ಕಾರ್ಯಕರ್ತೆಯರ ಜೊತೆ ಮಾತಾಡಲು ಬೇಕೇ ಬೇಕು.

ಇನ್ನು ಅಡ್ಮಿಷನ್ ಕರಪತ್ರ. ಇದು ಎಂಬಿಬಿಎಸ್ ಅಲ್ಲ, ಇದನ್ನು ಓದಿದವರು ರೋಗಿಗೆ ಔಷಧ ಬರೆಯುವಂತಿಲ್ಲ ಅಂತ ಮೊದಲ ಪುಟದಲ್ಲೇ ದಪ್ಪ ಅಕ್ಷರದಲ್ಲಿ ಹಾಕಿಸಿ. ಮುಂದೆ ಎಂಪಿಎಚ್ (ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ) ಓದಬಹುದು, ಆರೋಗ್ಯ ಯೋಜನೆಗಳಲ್ಲಿ, ಸಂಶೋಧನೆಯಲ್ಲಿ ಕೆಲಸ ಹುಡುಕಬಹುದು. ಸಾಲ ಮಾಡಿ ಫೀಸು ಕಟ್ಟುವ ಅಪ್ಪ-ಅಮ್ಮನಿಗೆ ಇದು ಸೇರುವ ಮೊದಲೇ ಗೊತ್ತಿರಬೇಕು.