ಗ್ರಹಣಕ್ಕೆಂದು ಊರು ಆರಿಸುವುದು ಹೇಗೆ: ನನ್ನ ಅನುಭವ

ಖಗ್ರಾಸ ಸೂರ್ಯಗ್ರಹಣ ಯಾವ ದಿನ, ಯಾವ ಊರಿನಲ್ಲಿ, ಎಷ್ಟು ಸೆಕೆಂಡು ಎಂಬುದು ದಶಕಗಳ ಮೊದಲೇ ಗೊತ್ತಿರುತ್ತದೆ. ಆ ಹೊತ್ತಿಗೆ ತಲೆಯ ಮೇಲೆ ಮೋಡ ಕವಿದಿರುತ್ತದೆಯೇ ಎಂಬುದು ಮಾತ್ರ ಕೊನೆಯ ಎರಡು ಮೂರು ದಿನಗಳವರೆಗೂ ಯಾರಿಗೂ ಖಚಿತವಿರುವುದಿಲ್ಲ. ಆದ್ದರಿಂದ ನಾನು ಒಂದು ಜಾಗವನ್ನು ಆರಿಸಿ ಅಲ್ಲಿಗೇ ಅಂಟಿಕೊಳ್ಳುವುದಿಲ್ಲ. ಕೊನೆಯ ದಿನವೂ ನೂರಾರು ಕಿಲೋಮೀಟರ್ ಸರಿಯಲು ಅನುಕೂಲವಿರುವ ಪ್ರದೇಶವನ್ನು ಆರಿಸುತ್ತೇನೆ. ಉಳಿದ ನಿರ್ಧಾರಗಳೆಲ್ಲ ಇದರ ಹಿಂದೆ ಬರುತ್ತವೆ.

ಮೊದಲು ನೋಡುವುದು ನೆರಳಿನ ಪಟ್ಟಿಯ, ಅಂದರೆ ಚಂದ್ರನ ನೆರಳು ಭೂಮಿಯ ಮೇಲೆ ಹಾದುಹೋಗುವ ಹಾದಿಯ ನಕಾಶೆ. ಸೂರ್ಯ ಪೂರ್ತಿ ಮರೆಯಾಗುವುದು ಅದರೊಳಗೆ ಮಾತ್ರ. ಶೇಕಡ 99ರಷ್ಟು ಗ್ರಹಣ ಕಂಡರೆ ಸಾಕಲ್ಲವೇ ಎಂದು ಹಲವರು ಕೇಳುತ್ತಾರೆ. ಖಂಡಿತ ಸಾಲದು. ಸೂರ್ಯನ ಬೆಳಕು ಹುಣ್ಣಿಮೆ ಚಂದ್ರನದಕ್ಕಿಂತ ಸುಮಾರು 4 ಲಕ್ಷ ಪಟ್ಟು ಹೆಚ್ಚು. ಸೂರ್ಯ ಪೂರ್ತಿ ಮರೆಯಾದಾಗ ಸುತ್ತ ಕಾಣುವ ಅವನ ಹೊರವಾತಾವರಣವಾದ ಕರೋನಾದ ಬೆಳಕು ಹೆಚ್ಚುಕಡಿಮೆ ಹುಣ್ಣಿಮೆಯಷ್ಟು. ಸೂರ್ಯಬಿಂಬದ ನೂರರಲ್ಲೊಂದು ಪಾಲು ಉಳಿದರೂ ಕರೋನಾ ಆ ಬೆಳಕಿನಲ್ಲಿ ಮುಳುಗಿಹೋಗುತ್ತದೆ. 2026ರ ಆಗಸ್ಟ್ 12ರ ಗ್ರಹಣದ ನಕಾಶೆಯಲ್ಲಿ ಸ್ಪೇನಿನ ಎರಡು ದೊಡ್ಡ ನಗರಗಳಾದ ಮ್ಯಾಡ್ರಿಡ್ ಮತ್ತು ಬಾರ್ಸಿಲೋನಾ ಎರಡೂ ಪಟ್ಟಿಯ ಅಂಚಿನಿಂದ ಸ್ವಲ್ಪವೇ ಹೊರಗಿವೆ. ಅಂಥ ನಗರದ ಕೋಣೆಯಲ್ಲೇ ಉಳಿದವರಿಗೂ ಪಟ್ಟಿಯೊಳಕ್ಕೆ ಹೋದವರಿಗೂ ಕಾಣುವ ದೃಶ್ಯಕ್ಕೆ ಹೋಲಿಕೆಯೇ ಇಲ್ಲ.

ಒಳಗೆ ಬಂದ ಮೇಲೆ ಮಾತ್ರ ಪಟ್ಟಿಯ ನಟ್ಟನಡುವಿನ, ಕತ್ತಲೆ ಹೆಚ್ಚು ಹೊತ್ತು ಉಳಿಯುವ ಮಧ್ಯರೇಖೆಯ ಹಟ ಬೇಡ. ಅಂಚಿನಿಂದ ಮಧ್ಯರೇಖೆಗಿರುವ ದೂರದಲ್ಲಿ ಕಾಲು ಭಾಗ ಒಳಸರಿದರೂ ಗರಿಷ್ಠ ಅವಧಿಯ ಸುಮಾರು ಮೂರರಲ್ಲಿ ಎರಡು ಪಾಲು ಸಿಗುತ್ತದೆ. ನೆರಳು ದುಂಡಗಿರುವುದರಿಂದ ಬರುವ ಲಾಭ ಇದು. ಅರ್ಧ ನಿಮಿಷ ಹೆಚ್ಚು ಸಿಗಲಿ ಎಂದು ಮೋಡದಡಿಗೆ ಹೋಗುವುದಕ್ಕಿಂತ, ಅರ್ಧ ನಿಮಿಷ ಬಿಟ್ಟುಕೊಟ್ಟು ತಿಳಿಯಾದ ಆಕಾಶದಡಿ ನಿಲ್ಲುವುದು ಎಷ್ಟೋ ಮೇಲು.

ಮೋಡದ ಲೆಕ್ಕಾಚಾರವನ್ನು ನಾನು ಎರಡು ಹಂತಗಳಲ್ಲಿ ಮಾಡುತ್ತೇನೆ. ಒಂದೆರಡು ವರ್ಷ ಮೊದಲು ನೋಡುವುದು ಹಲವು ವರ್ಷಗಳ ಉಪಗ್ರಹ ಮಾಹಿತಿಯಿಂದ ಬಂದ ಸರಾಸರಿ. ಆ ತಿಂಗಳು ಆ ಪ್ರದೇಶದಲ್ಲಿ ಸಾಮಾನ್ಯವಾಗಿ ಮೋಡ ಎಷ್ಟು, ಬೆಟ್ಟದ ಯಾವ ಬದಿ ಒಣಗಿರುತ್ತದೆ, ಕರಾವಳಿಯ ಮಂಜು ಎಷ್ಟು ದೂರ ಒಳನುಗ್ಗುತ್ತದೆ ಎಂಬುದನ್ನೆಲ್ಲ ನೋಡಿ ದೇಶ, ಪ್ರಾಂತ್ಯ ಗೊತ್ತುಮಾಡುತ್ತೇನೆ. ಕೊನೆಯ ವಾರದಲ್ಲಿ ಆ ಸರಾಸರಿಯನ್ನು ಪೂರ್ತಿ ಮರೆತು ಮುನ್ಸೂಚನೆಯನ್ನಷ್ಟೇ ಹಿಂಬಾಲಿಸುತ್ತೇನೆ.

ಇದು ಎಷ್ಟು ಮುಖ್ಯವೆಂದು ತೋರಿಸಿದ್ದು 2024ರ ಏಪ್ರಿಲ್ 8ರ ಗ್ರಹಣ. ಅಮೆರಿಕದೊಳಗೆ ತಿಳಿ ಆಕಾಶದ ಸಾಧ್ಯತೆ ಟೆಕ್ಸಾಸ್‌ನಲ್ಲೇ ಹೆಚ್ಚು ಎಂದು ಸರಾಸರಿಗಳು ಹೇಳುತ್ತಿದ್ದವು. ಈಶಾನ್ಯದ ವರ್ಮಾಂಟ್, ಮೇನ್ ರಾಜ್ಯಗಳ ಮೇಲೆ ಯಾರಿಗೂ ಅಷ್ಟು ಭರವಸೆ ಇರಲಿಲ್ಲ. ಆದರೆ ಆ ದಿನ ನಡು ಟೆಕ್ಸಾಸ್ ಮೋಡಗಳಡಿ ಸಿಕ್ಕಿಕೊಂಡಿತು, ಈಶಾನ್ಯದ ಆಕಾಶ ಬಹುಮಟ್ಟಿಗೆ ತೆರೆದುಕೊಂಡಿತು. ನನ್ನ ಕೋಣೆ ಇದ್ದದ್ದು ನಡು ಟೆಕ್ಸಾಸ್‌ನಲ್ಲೇ. ಆದರೆ ಕಾರು ಮೊದಲೇ ಗೊತ್ತುಮಾಡಿಕೊಂಡಿದ್ದೆ. ಪಟ್ಟಿಯುದ್ದಕ್ಕೂ ಈಶಾನ್ಯ ದಿಕ್ಕಿಗೆ ಹೋಗುವ ರಸ್ತೆಗಳ ನಕಾಶೆಯನ್ನು ನೆಟ್‌ವರ್ಕ್ ಸಿಗದಿದ್ದರೂ ತೆರೆಯುವಂತೆ ಮೊಬೈಲಿನಲ್ಲಿ ಇಳಿಸಿಕೊಂಡಿದ್ದೆ. ಮುನ್ಸೂಚನೆಗಳು ಒಂದೇ ಮಾತು ಹೇಳತೊಡಗಿದಾಗ ಹಿಂದಿನ ದಿನ ಬೆಳಿಗ್ಗೆಯೇ ಹೊರಟು, ಆರ್ಕನ್ಸಾದ ರಸೆಲ್‌ವಿಲ್ ತಲುಪಿದೆ. ಮರುದಿನ ಮಧ್ಯಾಹ್ನ 1.50ರ ಸುಮಾರಿಗೆ ಅಲ್ಲಿ ಕತ್ತಲೆ ಇಳಿಯಿತು, ನಾಲ್ಕು ನಿಮಿಷಕ್ಕೂ ಮೀರಿ ಉಳಿಯಿತು. ಸೂರ್ಯನ ಒಂದು ಬದಿಯಲ್ಲಿ ಶುಕ್ರ, ಇನ್ನೊಂದು ಬದಿಯಲ್ಲಿ ಗುರು. ಕಪ್ಪು ಬಿಂಬದ ಕೆಳ ಅಂಚಿನಲ್ಲಿ ಕೆಂಪು ಕಿಡಿಯಂತೆ ಚಾಚಿದ್ದ ಸೂರ್ಯನ ಅನಿಲದ ನಾಲಿಗೆ ಬರಿಗಣ್ಣಿಗೇ ಕಂಡಿತು. ಕ್ಯಾಮೆರಾ ಕೈಗೆತ್ತಿಕೊಳ್ಳಲು ನನಗೆ ಮನಸ್ಸೇ ಬರಲಿಲ್ಲ.

ಗ್ರಹಣ ಮುಗಿದ ಕೂಡಲೇ ಹೊರಡುವ ಯೋಜನೆಯನ್ನು ಎಂದೂ ಇಟ್ಟುಕೊಳ್ಳಬಾರದು. ವಾರವಿಡೀ ಸ್ವಲ್ಪಸ್ವಲ್ಪವಾಗಿ ಬಂದ ಜನ ಒಂದೇ ಗಂಟೆಯಲ್ಲಿ ಹಿಂದಿರುಗುವುದರಿಂದ ರಸ್ತೆಗಳು ಕಟ್ಟಿಕೊಳ್ಳುತ್ತವೆ. ಆ ರಾತ್ರಿ ಅಲ್ಲೇ ಉಳಿಯುವುದೇ ಒಳ್ಳೆಯದು, ಅದಕ್ಕೆ ಇನ್ನೊಂದು ಕಾರಣವೂ ಇದೆ: ಸೂರ್ಯಗ್ರಹಣ ಆಗುವುದು ಅಮಾವಾಸ್ಯೆಯಂದು. ಅಂದರೆ ರಾತ್ರಿ ಚಂದ್ರನ ಬೆಳಕಿರುವುದಿಲ್ಲ. 2026ರ ಗ್ರಹಣವಂತೂ ಪರ್ಸಿಯಿಡ್ ಎಂಬ ಉಲ್ಕಾಮಳೆಯ ಉಚ್ಛ್ರಾಯದ ಹೊತ್ತಿಗೇ ಬರುತ್ತದೆ. ಆ ಸಂಜೆ ಸ್ಪೇನಿನಲ್ಲಿ ಸೂರ್ಯ ಬಹಳ ಕೆಳಗಿರುತ್ತಾನೆ, ಮಯೋರ್ಕಾ ದ್ವೀಪದಲ್ಲಿ ದಿಗಂತದಿಂದ ಎರಡು ಮೂರು ಡಿಗ್ರಿಯಷ್ಟೇ ಮೇಲೆ. ಅಂಥ ಕಡೆ ಮೋಡವಿಲ್ಲ ಎಂದರೆ ಸಾಲದು. ಪಶ್ಚಿಮಕ್ಕೆ ಬೆಟ್ಟ, ಕಟ್ಟಡ, ಮರದ ಸಾಲು ಅಡ್ಡವಿಲ್ಲವೆಂದು ಹಿಂದಿನ ಸಂಜೆ ಅದೇ ಹೊತ್ತಿಗೆ ಅದೇ ಜಾಗದಲ್ಲಿ ನಿಂತು ನೋಡಿಕೊಳ್ಳಬೇಕು.

ಉಲ್ಕೆಗಳಿಗೆಂದೋ ಆಕಾಶಗಂಗೆಗೆಂದೋ ಹೊರಡುವುದಾದರೆ ನಾನು ಮೊದಲು ತೆರೆಯುವುದು ಚಂದ್ರನ ಪಂಚಾಂಗ. ಡಿಸೆಂಬರ್ 13, 14ರ ಜೆಮಿನಿಡ್ ಉಲ್ಕೆಗಳು ಎಷ್ಟೇ ಸಮೃದ್ಧವಾಗಿದ್ದರೂ ಹುಣ್ಣಿಮೆಯ ಆಸುಪಾಸಿನಲ್ಲಿ ಬಂದರೆ ಆ ವರ್ಷ ಪ್ರಯಾಣವನ್ನೇ ಕೈಬಿಡುತ್ತೇನೆ.

ಧ್ರುವಗಳ ಸಮೀಪ ರಾತ್ರಿಯ ಆಕಾಶದಲ್ಲಿ ಕುಣಿಯುವ ಬಣ್ಣದ ಬೆಳಕಾದ ಧ್ರುವಪ್ರಭೆಯ ವಿಷಯದಲ್ಲಿ ಈ ನಿಯಮ ತಲೆಕೆಳಗಾಗುತ್ತದೆ. ಚಂದ್ರನ ಬೆಳಕು ಅದಕ್ಕೆ ಹೆಚ್ಚೇನೂ ತೊಂದರೆ ಕೊಡುವುದಿಲ್ಲ, ಬದಲಿಗೆ ಹಿಮದ ಬಯಲನ್ನೂ ಬೆಳಗುತ್ತದೆ. ಆದರೆ ದಿನಾಂಕವೆಂಬುದೇ ಇಲ್ಲಿಲ್ಲ. ಭೂಮಿಯಿಂದ ಸುಮಾರು 15 ಲಕ್ಷ ಕಿಲೋಮೀಟರ್ ದೂರ ಸೂರ್ಯನ ಕಡೆಗೆ ನಿಂತಿರುವ ಉಪಗ್ರಹಗಳು ಧ್ರುವಪ್ರಭೆಗೆ ಕಾರಣವಾದ ಸೌರಮಾರುತವನ್ನು, ಅಂದರೆ ಸೂರ್ಯನಿಂದ ಹೊಮ್ಮುವ ಕಣಗಳ ಹರಿವನ್ನು, ಅಳೆದು ತಿಳಿಸುವ ಹೊತ್ತಿಗೆ ನಮಗೆ ಉಳಿಯುವುದು ಒಂದು ಗಂಟೆಯೋ ಅದಕ್ಕೂ ಕಡಿಮೆಯೋ. ಇಲ್ಲಿ ದೂರ ಸರಿಯುವುದರಿಂದ ಪ್ರಯೋಜನ ಕಡಿಮೆ, ಹೆಚ್ಚು ರಾತ್ರಿ ಉಳಿಯುವುದರಿಂದಲೇ ಪ್ರಯೋಜನ. ಸ್ವೀಡನ್ನಿನ ಅಬಿಸ್ಕೊವನ್ನು ನಾನು ಆರಿಸಿಕೊಂಡದ್ದು ಪಶ್ಚಿಮದ ಬೆಟ್ಟಗಳು ಮಳೆಮೋಡಗಳನ್ನು ತಡೆಯುವುದರಿಂದ; ಸುತ್ತಲ ಪ್ರದೇಶಕ್ಕಿಂತ ಅಲ್ಲಿ ಆಕಾಶ ಹೆಚ್ಚು ತೆರೆದಿರುತ್ತದೆ. ಸೆಪ್ಟೆಂಬರ್, ಮಾರ್ಚ್ ತಿಂಗಳುಗಳು ನನಗೆ ಇಷ್ಟ: ಹಗಲು ರಾತ್ರಿ ಸಮವಾಗುವ ವಿಷುವದ ಆಸುಪಾಸಿನಲ್ಲಿ ಧ್ರುವಪ್ರಭೆಯನ್ನು ಹೊತ್ತಿಸುವ ಭೂಕಾಂತ ಚಟುವಟಿಕೆ ಹೆಚ್ಚು, ನಡುಚಳಿಗಾಲದ ಕೊರೆತವೂ ಇರುವುದಿಲ್ಲ. ಬೇಸಿಗೆಯಲ್ಲಿ ಅಲ್ಲಿ ರಾತ್ರಿಯೇ ಕತ್ತಲಾಗದ ಕಾರಣ ಧ್ರುವಪ್ರಭೆ ಎಷ್ಟು ತೀವ್ರವಾಗಿದ್ದರೂ ಕಾಣದು.

ಹೂವು, ಪ್ರಾಣಿಗಳ ವಲಸೆಗಳ ಬೆನ್ನು ಹತ್ತುವವರಿಗೂ, ಕೊನೆಯವರೆಗೂ ಸರಿಯಲು ಅನುಕೂಲವಿರಲಿ ಎಂಬ ಮೊದಲಿನ ಸಲಹೆಯನ್ನೇ ಕೊಡುತ್ತೇನೆ. ಜಪಾನಿನ ಚೆರ್ರಿ ಹೂ ಬಿಡುವುದು ಆ ವರ್ಷದ ಚಳಿ, ಬಿಸಿಲು ನೋಡಿಕೊಂಡು. ಆಫ್ರಿಕಾದ ಸೆರೆಂಗೆಟಿ ಬಯಲಿನಲ್ಲಿ ಹುಲ್ಲೆಯ ಜಾತಿಯ ವೈಲ್ಡ್‌ಬೀಸ್ಟ್‌ಗಳು ನಡೆಯುವುದು ಮಳೆ ಬಿದ್ದ ಕಡೆಗೆ. ಹೂವಿಗಾದರೆ ದಕ್ಷಿಣದಿಂದ ಉತ್ತರಕ್ಕೆ ಸಾಗುವ ಮಾರ್ಗ ಹಿಡಿದರೆ ಒಂದು ಊರಿನಲ್ಲಿ ಉದುರಿದ್ದು ಮುಂದಿನ ಊರಿನಲ್ಲಿ ಅರಳಿರುತ್ತದೆ.

ಈಗ ನನ್ನ ಮೇಜಿನ ಮೇಲಿರುವ ನಕಾಶೆಗಳು ಎರಡು. 2027ರ ಆಗಸ್ಟ್ 2ರಂದು ಈಜಿಪ್ಟಿನ ಲಕ್ಸರ್ ಬಳಿ ಕತ್ತಲೆ 6 ನಿಮಿಷ 20 ಸೆಕೆಂಡಿನಷ್ಟು ಇರುತ್ತದೆ. ಆ ತಿಂಗಳಲ್ಲಿ ಅಲ್ಲಿ ಮೋಡದ ಭಯ ಇಲ್ಲವೇ ಇಲ್ಲವೆನ್ನಬಹುದು. 40 ಡಿಗ್ರಿ ದಾಟುವ ಬಿಸಿಲಿನಲ್ಲಿ ನೆರಳು, ನೀರು ಎಲ್ಲಿ ಸಿಗುತ್ತದೆ ಎಂಬುದೇ ಯೋಜನೆ. 2028ರ ಜುಲೈ 22ರ ಗ್ರಹಣ ಆಸ್ಟ್ರೇಲಿಯಾವನ್ನು ಓರೆಯಾಗಿ ದಾಟಿ ಸಿಡ್ನಿಯ ಮೇಲೆ ಹಾದುಹೋಗುತ್ತದೆ. ಸಿಡ್ನಿಗೆ ತಲುಪುವುದು ಸುಲಭವಾದರೂ ನನ್ನ ಮನಸ್ಸು ವಾಯವ್ಯದ ಕಿಂಬರ್ಲಿ ಕಡೆಗಿದೆ. ಅಲ್ಲಿ ಜುಲೈ ಒಣ ಋತು, ಅವಧಿಯೂ ಹೆಚ್ಚು. ಊರುಗಳು ವಿರಳ, ರಸ್ತೆಗಳು ಕೆಲವೇ. ಹಾಗಾಗಿ ವಾಹನ ಮತ್ತು ಇಂಧನದ ಏರ್ಪಾಡನ್ನು ತಂಗುವ ಜಾಗಕ್ಕಿಂತ ಮೊದಲು ಮಾಡಿಕೊಳ್ಳುತ್ತಿದ್ದೇನೆ.