ಏರಿನಲ್ಲಿ ಏದುಸಿರು ಬಿಡುವ ಸ್ಕೂಟರ್: ರೋಲರ್, ಬೆಲ್ಟ್ ಬದಲಿಸಿದ ಅನುಭವ

110 ಸಿಸಿ ಸ್ಕೂಟರ್ ಏರು ಹತ್ತದಿದ್ದರೆ ಎಂಜಿನ್‌ಗೆ ಕೈ ಹಾಕುವ ಮೊದಲು ಸಿವಿಟಿ (ಗೇರ್ ಬದಲು ಬೆಲ್ಟ್, ಎರಡು ಪುಲ್ಲಿಗಳಿಂದ ಶಕ್ತಿ ಸಾಗಿಸುವ ಭಾಗ) ಕವರ್ ಬಿಚ್ಚಿ. ಇಲ್ಲಿ ಸಿಕ್ಕಿದ್ದು: ರೋಲರ್‌ಗಳ (ವೇಗ ಏರಿದಂತೆ ಮುಂದಿನ ಪುಲ್ಲಿಯನ್ನು ಒತ್ತಿ ಬೆಲ್ಟನ್ನು ಅಂಚಿನತ್ತ ಏರಿಸುವ ಸಣ್ಣ ತೂಕಗಳು) ಒಂದು ಮಗ್ಗುಲು ಚಪ್ಪಟೆ, ಬೆಲ್ಟ್ ಅಗಲ ಕಂಪನಿ ಹೇಳುವ ಸರ್ವಿಸ್ ಮಿತಿಗಿಂತ ಕಡಿಮೆ. ಸವೆದ ಬೆಲ್ಟ್ ಮುಂದಿನ ಪುಲ್ಲಿಯ ಅಂಚಿನವರೆಗೆ ಏರುವುದಿಲ್ಲ. ಟಾಪ್ ಸ್ಪೀಡ್ ಅಲ್ಲೇ ಹೋಗುತ್ತದೆ.

ಎರಡನ್ನೂ ಬದಲಿಸಿ, ರೋಲರ್ ಮಾತ್ರ ತಲಾ 1 ಗ್ರಾಂ ಹಗುರದ್ದು ಹಾಕಿದೆ. ಆಗ ಎಂಜಿನ್ ಆರ್‌ಪಿಎಂ (ನಿಮಿಷಕ್ಕೆ ಸುತ್ತುವ ವೇಗ) ಇನ್ನಷ್ಟು ಏರಿದ ಮೇಲೆಯೇ ಗೇರ್ ಅನುಪಾತ ಬದಲಾಗುತ್ತದೆ, ಏರಿಗೆ ಎಳೆತ ಸಿಗುತ್ತದೆ. ತೀರಾ ಹಗುರವಾದರೆ ಎಂಜಿನ್ ಕಿರುಚುತ್ತದೆ, ಮೈಲೇಜ್ ಬೀಳುತ್ತದೆ.

ಮುಂದಿನ ಪುಲ್ಲಿಯ ಮುಖಕ್ಕೆ ಮಾರ್ಕರ್ ಗೆರೆ ಎಳೆದು ಓಡಿಸಿ ನೋಡಿ: ಹೊರ ಅಂಚಿನಲ್ಲಿ ಗೆರೆ ಅಳಿಸದೆ ಉಳಿದಷ್ಟು ಜಾಗಕ್ಕೆ ಬೆಲ್ಟ್ ತಲುಪುತ್ತಿಲ್ಲ. ಬೆಲ್ಟಿಗೆ ಗ್ರೀಸ್ ಸೋಕಲೇಬಾರದು.

ಮುಂದಿನ ಪುಲ್ಲಿಯ ನಟ್ ಬಿಗಿಯುವ ಮುನ್ನ ಬೆಲ್ಟನ್ನು ಹಿಂದಿನ ಪುಲ್ಲಿಯೊಳಕ್ಕೆ ಒತ್ತಿ ಸಡಿಲ ಮಾಡಿಕೊಳ್ಳಿ. ಇಲ್ಲದಿದ್ದರೆ ಮುಂದಿನ ಪುಲ್ಲಿಯಲ್ಲಿ ಬೆಲ್ಟ್ ಸಿಕ್ಕಿಕೊಂಡು, ನಟ್ ಬಿಗಿಯಾಯಿತೆಂಬ ಸುಳ್ಳು ಭಾವನೆ ಕೊಡುತ್ತದೆ. ಓಡುವಾಗ ನಟ್ ಸಡಿಲಾಗಿ ಕ್ರ್ಯಾಂಕ್‌ನ (ಪುಲ್ಲಿ ಕೂರುವ ಎಂಜಿನ್ ಶಾಫ್ಟ್) ಹಲ್ಲುಗಳು ಕಿತ್ತುಹೋಗುತ್ತವೆ.